ಉಪ್ಪು ತಿಂದ ನೆಲ

ದನಾಕಿಲ್ ತಗ್ಗಿನ ನಮ್ಮ ಶಾಲೆಗೆ ಮೂರೇ ಗೋಡೆ.
ನಾಲ್ಕನೆಯ ಕಡೆ ಬಯಲು,
ಕಣ್ಣು ಸೋಲುವ ತನಕ ಬಿಳಿ.

ಮೇಷ್ಟ್ರು ಹಲಗೆಯ ಮೇಲೆ ಬರೆದರಂತೆ:
ಪರ್ವತ. ಪ್ರಸ್ಥಭೂಮಿ. ಕಣಿವೆ. ಕೊಲ್ಲಿ.
ಮೂರು ಕಡೆ ನೀರಿದ್ದರೆ ಪರ್ಯಾಯ ದ್ವೀಪ,
ಸುತ್ತಲೂ ಇದ್ದರೆ ದ್ವೀಪ.
"ಯಾವ ಕಡೆಯೂ ಇಲ್ಲದಿದ್ದರೆ?"
ಎಂದಳಂತೆ ಕದಿಗಾ, ನನ್ನ ಕಿರಿಮಗಳು.
ಮೇಷ್ಟ್ರು ಸುಣ್ಣದ ಕೈ ಷರಟಿಗೆ ಒರೆಸಿಕೊಂಡು
ಹೊರಗೆ ನೋಡಿದರಂತೆ, ಅಷ್ಟೇ.

ನಾನು ಉಪ್ಪು ಕೆತ್ತುವವ.
ಮೇಲಿನ ಬೆಟ್ಟಗಳಿಂದ ಇಳಿದು ಬರುವ ಕಹ್ಸಾಯ್
ಗಳು ಕೊಟ್ಟು ಹಾಸು ಎಬ್ಬಿಸುತ್ತಾನೆ,
ಅದರ ಅಂಚು ತಿದ್ದಿ ಬಿಲ್ಲೆ ಮಾಡುವುದು ನನ್ನ ಬಾಚಿ.
ಅವನ ಮಾತು ನನಗೆ ಅರ್ಧ, ನನ್ನದು ಅವನಿಗೆ ಕಾಲು;
ಲೆಕ್ಕ ಮಾತ್ರ ಇಬ್ಬರಿಗೂ ಪೂರ್ತಿ:
ಒಂಟೆಗೆ ಇಷ್ಟು, ಕತ್ತೆಗೆ ಇಷ್ಟು,
ಒಡೆದದ್ದು ಗಾಳಿಗೆ.

ರಾತ್ರಿ, ಮಲಗಿದ ಒಂಟೆಗಳ ಮಗ್ಗುಲಲ್ಲಿ ಚಾಪೆ ಹಾಸಿ
ಕದಿಗಾ ಪಾಠ ಒಪ್ಪಿಸುತ್ತಾಳೆ.
"ಸಮುದ್ರವೆಂದರೆ ಉಪ್ಪುನೀರಿನ ಬಲು ದೊಡ್ಡ ರಾಶಿ.
ಹಾಗಾದರೆ ಅಪ್ಪ, ಅರ್ಧ ನಮ್ಮಲ್ಲೇ ಇದೆಯಲ್ಲ!"

ಮತ್ತೆ ಹೇಳುತ್ತಾಳೆ:
ನಾವು ಕೂತ ಈ ಜಾಗ ಸಮುದ್ರದ ಮಟ್ಟಕ್ಕಿಂತ
ನೂರು ಮೀಟರಿಗೂ ಕೆಳಗೆ.
ಆ ಗುಡ್ಡಗಳಾಚೆ ತಡೆದು ನಿಂತ ಕೆಂಪು ಸಮುದ್ರ
ಒಮ್ಮೆ ಇತ್ತ ಹೊರಳಿದರೆ
ನಲವತ್ತು ಒಂಟೆ ಒಂದರ ಮೇಲೊಂದು ನಿಂತರೂ
ಮೇಲಿನದರ ಕಿವಿ ಒದ್ದೆ.

ಹೊರಳುತ್ತದೆ ಕೂಡ, ಅನ್ನುತ್ತಾರೆ ಮೇಷ್ಟ್ರು.
ಭೂಮಿ ಇಲ್ಲಿ ಮೂರಾಗಿ ಬಿರಿಯುತ್ತಿದೆಯಂತೆ,
ಅಣ್ಣತಮ್ಮಂದಿರು ಪಾಲಾದ ಹಾಗೆ,
ಜಗಳವಿಲ್ಲ, ಪಂಚಾಯ್ತಿಯಿಲ್ಲ,
ಉಗುರು ಬೆಳೆಯುವುದಕ್ಕಿಂತ ನಿಧಾನ.

ಉಗುರು.
ಬೆಂಕಿಯ ಬೆಳಕಿಗೆ ಕೈ ಹಿಡಿದು ನೋಡಿಕೊಂಡೆ.
ನನ್ನವನ್ನು ಉಪ್ಪು ತಿಂದು ಎಷ್ಟು ಕಾಲವಾಯಿತು,
ಬುಡ ಮಾತ್ರ ಉಳಿದಿದೆ, ಒಣಗಿದ ಹೊಳೆಯ ಗುರುತಿನಂತೆ.
ಅವಳು ತನ್ನ ಕಿರುಬೆರಳು ಚಾಚಿ
"ವರ್ಷಕ್ಕೆ ಇಷ್ಟೂ ಇಲ್ಲ, ಹೆದರಬೇಡ" ಅಂದಳು.

ಹೆದರಿಕೆಯಲ್ಲ.
ಅಜ್ಜಿಯ ಒಲೆಯ ಮೂರನೆಯ ಗುಂಡು ನೆನಪಾಯಿತು.
ಮೈತುಂಬ ತೂತು, ಜೇನುಹುಟ್ಟಿನ ಹಾಗೆ.
ಹವಳದ ಕಲ್ಲು ಅಂದಿದ್ದ ಯಾರೋ ದಾರಿಹೋಕ.
ಅಜ್ಜಿ ಸಮುದ್ರ ಕಂಡವಳಲ್ಲ.
ಅದರ ಮೇಲೇ ಹಾಲು ಕಾಯಿಸಿದಳು, ನಮ್ಮ ಏಳು ಮಂದಿಗೆ.
ಕಾದಾಗಲೆಲ್ಲ ಆ ಕಲ್ಲು ಸಣ್ಣಗೆ ಸಿಳ್ಳು ಹಾಕುತ್ತಿತ್ತು.
ಬಂದು ಹೋದದ್ದು ಮತ್ತೆ ಬಂದರೆ
ಅತಿಥಿ ಎನ್ನಬೇಕೋ, ಮನೆಯವನೆನ್ನಬೇಕೋ?

ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಈ ನೆಲ ತಿಂದದ್ದು
ಚಿಟಿಕೆಯಲ್ಲ.

ಬೆಳಗಿನ ಜಾವ ಹೇರು ಕಟ್ಟುವಾಗ ನೋಡಿದೆ:
ಒಂದು ಬಿಲ್ಲೆಯ ಮೇಲೆ ಮೊಳೆಯಿಂದ ಗೀರಿದ್ದಾಳೆ ಹುಡುಗಿ,
ಇನ್ನೂ ಹುಟ್ಟದ ಸಮುದ್ರದ ನಕ್ಷೆ.
ಇಲ್ಲೊಂದು ಭೂಶಿರ, ಅಲ್ಲೊಂದು ಕೊಲ್ಲಿ,
ನಮ್ಮ ಮನೆಯಿದ್ದಲ್ಲಿ ಒಂದು ದೋಣಿ,
ಕಹ್ಸಾಯ್‌ನ ಊರಿಗೂ ನಮ್ಮೂರಿಗೂ ನಡುವೆ
ಇಕ್ಕಟ್ಟಾದ ಒಂದು ಜಲಸಂಧಿ.
ಅಂಚು ಸರಿಯಾಗಿತ್ತು, ತೂಕ ಸರಿಯಾಗಿತ್ತು.
ಅಳಿಸಲು ಮನಸ್ಸಾಗದೆ ಹೇರಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿದೆ.

ಮೂರು ದಿನದ ಏರುದಾರಿ ಕಳೆದು
ಮೆಕೆಲೆಯ ಸಂತೆಯಲ್ಲಿ ಯಾವಳೋ ಅದನ್ನು ಕೊಳ್ಳುತ್ತಾಳೆ.
ಗೀರು ಕಂಡು ಒಂದಿಷ್ಟು ಚೌಕಾಸಿ ಮಾಡುತ್ತಾಳೆ.
ಕೊಲ್ಲಿಯ ಕಡೆಯಿಂದ ಒಡೆದು, ಕುಟ್ಟಿ,
ಕುದಿಯುವ ಮಡಕೆಗೆ ಉದುರಿಸುತ್ತಾಳೆ.

ಆ ಮನೆಯ ಮಗು
ನಡುರಾತ್ರಿ ಎದ್ದು ಕೂತು
ನೀರು ಕೇಳುತ್ತದೆ.