ಕುದಿಸಬೇಡಿ

ಊರಿನ ನೀರು ನೋಡಿಕೊಳ್ಳುವವಳು ನಾನು.
ದೊಡ್ಡ ಹುದ್ದೆಯೇನಲ್ಲ. ನೂರ ಹದಿನೆಂಟು ಜನ,
ಎರಡು ಬಾವಿ, ಒಂದು ಪಂಪಿನ ಗೂಡು,
ಕಬ್ಬಿಣದ ಕಾಲಿನ ಮೇಲೊಂದು ಟ್ಯಾಂಕು.
ಟ್ಯಾಂಕಿನ ಮೇಲೆ ಊರ ಹೆಸರು, ಡೌಬ್ರಾವಾ.
ಮೊದಲಕ್ಷರ ನೆಬ್ರಾಸ್ಕಾದ ಬಿಸಿಲಿಗೆ ಹೋಗಿದೆ,
ಬಣ್ಣಕ್ಕೆ ದುಡ್ಡಿಲ್ಲ.

ಬೊಹೀಮಿಯಾ ಬಿಟ್ಟು ಬಂದ ನಮ್ಮ ಹಿರೀಕರು
ಇಲ್ಲಿ ಮೊದಲು ಅಗೆದದ್ದು ಬಾವಿ,
ಎರಡನೆಯದು ಗೋರಿ,
ಮೂರನೆಯದು ಬಿಯರಿಗೊಂದು ನೆಲಮಾಳಿಗೆ.

ಮೂರು ತಿಂಗಳಿಗೊಮ್ಮೆ
ನಲ್ಲಿ ತಿರುಗಿಸಿ, ಐದು ನಿಮಿಷ ಸುಮ್ಮನೆ ಹರಿಯಬಿಟ್ಟು,
ಬಾಟಲಿ ತುಂಬಿ, ಐಸಿನ ಪೆಟ್ಟಿಗೆಯಲ್ಲಿ ಮಲಗಿಸಿ
ಲಿಂಕನ್ನಿಗೆ ಕಳಿಸುತ್ತೇನೆ.
ಈ ಸಲ ಬಂದ ಚೀಟಿಯಲ್ಲಿ, ನೈಟ್ರೇಟಿನ ಎದುರು,
ಹದಿಮೂರು ಪಾಯಿಂಟ್ ನಾಲ್ಕು.
ಹತ್ತು ದಾಟಬಾರದು.

ಒಂದು ಲೋಟ ಹಿಡಿದು ಕಿಟಕಿಗೆ ಎತ್ತಿದೆ.
ಏನೂ ಇಲ್ಲ.
ನಮ್ಮ ಜೋಳದ ಹೊಲ ಮಾತ್ರ ಲೋಟದೊಳಗೆ
ಎಡಬಲ ಅದಲುಬದಲಾಗಿ ನಿಂತಿತ್ತು.

ನಲವತ್ಮೂರು ಮನೆ, ಕಾಲ್ನಡಿಗೆ, ಕೈಯಲ್ಲಿ ಕಾಗದ:
ಆರು ತಿಂಗಳೊಳಗಿನ ಕೂಸಿಗೆ ಈ ನೀರು ಬೇಡ.
ಕುದಿಸಬೇಡಿ, ಕುದಿಸಿದರೆ ಹೆಚ್ಚುತ್ತದೆ.
ಯಾರ್ಮಿಲಾ ಮುದುಕಿ ಎರಡು ಸಲ ಓದಿಸಿಕೊಂಡು,
"ತೊಂಬತ್ತೊಂದು ವರ್ಷ ಕುಡಿದಿದ್ದೀನಿ," ಅಂದಳು,
"ಈಗ ಕೂಸಾಗೋದು ಕಷ್ಟ."
ಎಮಿಲ್ ಪೊಸ್ಪಿಶಿಲ್ ಕಾಗದ ಮಡಚಿ
ಟ್ರಕ್ಕಿನ ಎಣ್ಣೆಕಡ್ಡಿ ಒರೆಸಿಕೊಂಡ.

ಕೊನೆಯದು ಕಣಜದ ಹಿಂದಿನ ತಗಡಿನ ಮನೆ.
ಗ್ವಾಟೆಮಾಲಾದ ಗುಡ್ಡದ ಹೆಣ್ಣು, ಮಾರಿಸೆಲ.
ಗಂಡ ಹಂದಿಮಾಂಸದ ಕಾರ್ಖಾನೆಯಲ್ಲಿ, ಪಾಳಿ ಮುಗಿದಿಲ್ಲ.
ತೋಳಿನಲ್ಲಿ ಏಳು ವಾರದ ಮಗು.
ಒಲೆಯ ಮೇಲೆ ಪಾತ್ರೆ, ಕೊತಕೊತ.
ನೀರು ಕೆಟ್ಟಿದೆ ಎಂದು ಯಾರೋ ಹೇಳಿದ್ದರಂತೆ,
ಅದಕ್ಕೇ ಒಂದು ಸಲ ಸಾಕಾದಲ್ಲಿ ಮೂರು ಸಲ,
ಇರಲಿ ಅಂತ.

ಅವಳ ಮಾತು ಮಾಮ್. ಸ್ಪ್ಯಾನಿಷ್ ಅವಳಿಗೂ ಎರವಲು,
ನನಗೆ ಅದೂ ಇಲ್ಲ.
ಒಲೆ ತೋರಿಸಿ ಕೈಯಾಡಿಸಿದೆ, ಬೇಡ, ಬೇಡ.
ಸಾಲದೇನೋ ಎಂದುಕೊಂಡು
ಉರಿ ಇನ್ನಷ್ಟು ಹೆಚ್ಚಿಸಿದಳು.

ಆಮೇಲೆ ಉಪ್ಪಿನ ಡಬ್ಬಿ ಕಣ್ಣಿಗೆ ಬಿತ್ತು.
ಬಾಣಲೆಗೆ ಅರ್ಧ ಲೋಟ ನೀರು, ಒಂದು ಚಮಚ ಉಪ್ಪು.
ಕರಗಿತು, ಕಾಣದಾಯಿತು.
ಇಬ್ಬರೂ ನಿಂತೆವು. ಮಗು ಅತ್ತು, ಸುಮ್ಮನಾಯಿತು.
ಒಬ್ಬರ ಅಡುಗೆಮನೆಯಲ್ಲಿ ಅಷ್ಟು ಹೊತ್ತು
ಮಾತಿಲ್ಲದೆ ನಿಂತದ್ದು ನೆನಪಿಲ್ಲ.
ಹಬೆ ಹೋಗುತ್ತ ಹೋಗುತ್ತ ನೀರು ಇಳಿಯಿತು, ಅಂಚಿಗೆ ಬಿಳಿ,
ಕೊನೆಗೆ ತಳದ ತುಂಬ ಬಿಳಿ ಹಕ್ಕಳೆ.
ಅವಳು ಬೆರಳು ಒತ್ತಿ ನಾಲಗೆಗೆ ಇಟ್ಟಳು.
ಪಾತ್ರೆ ನೋಡಿದಳು. ಮಗುವಿನ ತುಟಿ ನೋಡಿದಳು,
ಕಿಟಕಿಯ ಬೆಳಕಿಗೆ ಹಿಡಿದು, ಉಗುರುಗಳನ್ನೂ, ಒಂದೊಂದಾಗಿ.
ಕೆಂಪಗಿದ್ದವು. ದೇವರೇ, ಕೆಂಪಗಿದ್ದವು.

ನನ್ನ ಕಾರಿನಲ್ಲಿದ್ದ ಆರು ಕ್ಯಾನು ಅಂಗಡಿಯ ನೀರು
ಅವಳ ಬಾಗಿಲಲ್ಲಿ ಇಳಿಸಿ ಮನೆಗೆ ನಡೆದೆ.
ಕಾರು ಅಲ್ಲೇ ಮರೆತಿದ್ದೆ.

ನವೆಂಬರಿನಲ್ಲಿ ನನ್ನ ಗಂಡ ಬಿಳಿ ಟ್ಯಾಂಕಿ ಎಳೆದುಕೊಂಡು
ಹೊಲಕ್ಕೆ ಅಮೋನಿಯಾ ಹಾಯಿಸುತ್ತಾನೆ.
ಎಕರೆಗೆ ಇಷ್ಟು ಎಂದು ಲೆಕ್ಕವಿದೆ,
ಅದರ ಮೇಲೆ ಸ್ವಲ್ಪ,
ಇರಲಿ ಅಂತ.
ಲೆಕ್ಕದ ಪುಸ್ತಕ ಬರೆಯುವವಳು ನಾನೇ.
ಉಪ್ಪು ತಿಂದವರು ನೀರು ಕುಡಿಯಬೇಕು.
ಇಲ್ಲಿ ಉಪ್ಪು ತಿಂದದ್ದು ಜೋಳ,
ನೀರು ಕುಡಿಯುವುದು ಕೂಸು.

ರಾತ್ರಿ ಊಟಕ್ಕೆ ಇದನ್ನು ಹೇಳಿದೆ.
ವೆನ್ಸೆಲ್ ಲೋಟ ಎತ್ತಿದವನು ಹಾಗೇ ಹಿಡಿದುಕೊಂಡ,
ಆಮೇಲೆ ಕುಡಿದ. ದೊಡ್ಡವರು ಕುಡಿಯಬಹುದು.
ಜೋಳದ ದರ ಕೇಳಿದ, ನಾನೂ ಹೇಳಿದೆ.

ಬೆಳಿಗ್ಗೆ ಮತ್ತೊಮ್ಮೆ ಮಾದರಿ.
ಏಳು ಗಂಟೆ ಹತ್ತು ನಿಮಿಷ, ಎರಡನೇ ಬಾವಿ.
ಬಣ್ಣ: ಇಲ್ಲ.
ವಾಸನೆ: ಇಲ್ಲ.
ಸಂಗ್ರಹಿಸಿದವರು: ಲಿಬುಶೆ ಹ್ರುಷ್ಕಾ.
ಹೊಲದ ಬದುವಿನ ಅಂಚೆಡಬ್ಬಿಯ ಮೇಲೂ
ಅದೇ ಹ್ರುಷ್ಕಾ, ಅದೇ ಕೈಬರಹ.