ಷರಾ: ಐದು ದಿನ

ಮೊಂತೆ ಜೆನೆರೊಸೊ ಬೆಟ್ಟದ ಬುಡದಲ್ಲಿ
ಬಂಡೆಯ ಬಿರುಕಿಗೇ ಬೆನ್ನು ಕೊಟ್ಟು ಕಟ್ಟಿದ ಮಾಳಿಗೆ.
ಬೆಟ್ಟ ಅಲ್ಲಿಂದ ಉಸಿರು ಬಿಡುತ್ತದೆ,
ಬೇಸಿಗೆಗೂ ಮಾಗಿಗೂ ಒಂದೇ ತಣ್ಪು.
ಮಾಗುವುದಕ್ಕೆ ಇಷ್ಟು ಸಾಕು ಮೆರ್ಲೋಗೆ.
ಇಪ್ಪತ್ತು ಸೀಸೆ ಎತ್ತಿಟ್ಟಿದ್ದೆವು, ಅಡ್ಡ ಮಲಗಿಸಿ,
ಬಿರಡೆ ಒಣಗದಿರಲೆಂದು.

ನವೆಂಬರ್ ಹನ್ನೊಂದು, ಸಂತ ಮಾರ್ಟಿನನ ದಿನ,
ಕಿಯಾಸ್ಸೊದಿಂದ ಸಂಜೆ ಆರೂವರೆಯ ರೈಲಿಗೆ
ನಿವೆಸ್ ಬರುತ್ತಾಳೆ
ಸುಂಕದ ಕಟ್ಟೆಯ ಬೂದು ಕೋಟು ಕಳಚದೆ.
ನಾವು ಬೇರೆಯಾಗಿ ಹನ್ನೊಂದು ವರ್ಷ.
ದ್ರಾಕ್ಷಿ ಸಾಲು ನನಗೆ, ಹೊಲಿಗೆ ಯಂತ್ರ ಅವಳಿಗೆ.
ಈ ಸೀಸೆಗಳು ಯಾರಿಗೆಂದು
ವಕೀಲ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಆ ವರ್ಷ ಆಗಸ್ಟಿನಲ್ಲಿ ಆಲಿಕಲ್ಲು.
ಬಲೆ ಹರಿದು ಅರ್ಧಕ್ಕರ್ಧ ಗೊಂಚಲು ನೆಲದಲ್ಲಿ.
ಸೆಪ್ಟೆಂಬರ್ ಮುಗಿಯುವಾಗಲೂ ಉಳಿದದ್ದು ದೋರೆ.
ಇನ್ನು ಐದು ದಿನ ತಡಿ, ಅಂದಳು.
ಮೋಡ ಕಂಡು ನಾನು ಕತ್ತರಿ ಹಿಡಿದೆ.

ಐದೂ ದಿನ ಬಿಸಿಲು ಸುರಿಯಿತು.

ನೋಟ್‌ಬುಕ್ಕಿನ ಮೊದಲ ಹಾಳೆ, ಅವಳ ಅಕ್ಷರ:
'ಬಣ್ಣ: ನೇರಳೆ, ಶಾಯಿ ಚೆಲ್ಲಿದ ಹಾಗೆ.
ಮೂಗಿಗೆ: ಪ್ಲಮ್, ಅದರ ಹಿಂದೆಯೇ
ಈಗಷ್ಟೇ ಮುರಿದ ದೊಣ್ಣೆಮೆಣಸಿನಕಾಯಿ.
ಬಾಯಿಗೆ: ಒಗರು. ವಸಡು ಹಿಡಿದು ಎಳೆಯುತ್ತದೆ.
ಷರಾ: ಐದು ದಿನ.'

ಎರಡನೆಯ ವರ್ಷವೂ ಷರಾ ಅದೇ. ಮೂರನೆಯದೂ.
ನಾಲ್ಕಕ್ಕೆ ಸೀಸೆ ತೆರೆದರೂ ಬಾಯಿ ಬಿಡಲಿಲ್ಲ,
ಹಣ್ಣಿಲ್ಲ, ಹೂವಿಲ್ಲ, ಬರಿಯ ಕೆಂಪು ನೀರು.
ಸತ್ತಿತು, ಅಂದೆ. ಅಲ್ಲ, ಮುನಿಸು, ಅಂದಳು.
ಮುನಿಸು ಎಷ್ಟು ಕಾಲ ಬಾಳುತ್ತದೆಂದು
ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಏಳರದು ಬಿರಡೆ ಕೆಟ್ಟು ಒದ್ದೆ ರಟ್ಟಿನ ನಾತ;
ಮೋರಿಗೆ ಸುರಿದು ಇನ್ನೊಂದು ತೆರೆದೆವು.
ಒಂಬತ್ತರ ಹೊತ್ತಿಗೆ ತೊಗಲು, ತಂಬಾಕು,
ಮಳೆ ನಿಂತ ಚೆಸ್ಟ್‌ನಟ್ ಕಾಡಿನ ಅಣಬೆ.
ಆದರೂ ಷರಾ: ಐದು ದಿನ.
ಅಕ್ಷರ ಮಾತ್ರ ಸ್ವಲ್ಪ ಸಣ್ಣದು.

ಇವತ್ತು, ಹದಿನಾಲ್ಕು.
ಮೇಣಬತ್ತಿಯ ಮುಂದೆ ಕತ್ತು ಹಿಡಿದು ಬಗ್ಗಿಸಿದೆ,
ಗಸಿ ಕತ್ತಿಗೆ ಬಂದಾಗ ಕೈ ತಡೆದೆ.
ಅವಳು ಲೋಟ ಓರೆ ಮಾಡಿ
ನೋಟ್‌ಬುಕ್ಕಿನ ಖಾಲಿ ಹಾಳೆಯ ಮೇಲೆ ಹಿಡಿದಳು:
ನಡುವೆ ಮಾಣಿಕ, ಅಂಚಿಗೆ ಹಳೆಯ ಹೆಂಚು.

ನಾಲಿಗೆಯ ಮೇಲೆ ಹೊರಳಿಸಿದೆ.
ಒಣ ಅಂಜೂರ, ಚಹಾ ಡಬ್ಬಿಯ ತಳ.
ಒಗರು ಇದೆ, ನೂರು ಒಗೆತ ಕಂಡ
ದಪ್ಪ ಅಂಗಿಯ ಕಾಲರಿನಷ್ಟು.
ಮತ್ತೆ ಹುಡುಕಿದೆ. ಆ ಹಸುರು ಇಲ್ಲ.
ನಾನು ಕೊಡದ ಐದು ದಿನವನ್ನು
ಸೀಸೆ ಕತ್ತಲಲ್ಲೇ ಕುಳಿತು ಕೂಡಿಸಿಕೊಂಡಿದೆ.

ಗೆದ್ದೆ ಅನಿಸಬೇಕಿತ್ತು.
ಷರಾದ ಮುಂದೆ ಅವಳ ಪೆನ್ನು ನಿಂತೇ ಇತ್ತು.
ಪೊಲೆಂಟಾ ಆರಿ ಕೆನೆಗಟ್ಟಿತು.
ತಪ್ಪೇ ತೀರಿಹೋದರೆ
ಮುಂದಿನ ಆರೂವರೆಯ ರೈಲಿಗೆ ನೆಪ ಯಾವುದು?

ಹದ ಬಂತಾ, ಕೇಳಿದೆ.
ಬಂದು ಹೊರಡಲು ಎದ್ದು ನಿಂತಿದೆ, ಅಂದಳು,
ಇನ್ನೆರಡು ವರ್ಷ. ಆಮೇಲೆ ಇಳಿಜಾರು.
ಗೂಡಿನಲ್ಲಿ ಇನ್ನೂ ಐದು ಸೀಸೆ.

ಗಡಿಯಲ್ಲಿ ಕಂಡವರ ಪೆಟ್ಟಿಗೆ ಬಿಚ್ಚಿಸಿ
ಬಟ್ಟೆಯ ಮಡಿಕೆಯಲ್ಲಿ ಅಡಗಿದ್ದನ್ನು
ಮೂವತ್ತು ವರ್ಷ ಬೆರಳಲ್ಲೇ ಗುರುತು ಹಿಡಿದವಳು
ಕೊನೆಯ ಗುಟುಕಿಗೆ ಕಣ್ಣು ಮುಚ್ಚಿದಳು.
'ಇದೆ ಇಲಾರಿಯೊ. ಕಟ್ಟಕಡೆಗೆ.
ನುಂಗಿದ ಮೇಲೆ ತಡೆದು ಬರುತ್ತದೆ. ಮೆಣಸಿನಕಾಯಿ.'

ನಾನೂ ನುಂಗಿದೆ. ತಡೆದೆ.
ಅಂಜೂರ, ಒಂಚೂರು ಹೊಗೆ, ಬಂಡೆಯ ತಣ್ಪು.

'ಹೌದು,' ಅಂದೆ,
'ಒಂದೂವರೆ ದಿನದಷ್ಟು.'

ಬರೆದುಕೊಂಡಳು.