ಬೇದ

ಕಾಲು ನೀರಲ್ಲಿ ಇಳಿಬಿಟ್ಟು ನಿಂತ ಮರದ ಮನೆ.
ಉಬ್ಬರ ಬಂದಾಗ ಓರ್ಫೆಲಿನಾ ಲೆವಿಕಾನಳ ಅಡುಗೆಮನೆಯಲ್ಲಿ
ತೂಗುಹಾಕಿದ ಸೌಟುಗಳು ಸಣ್ಣಗೆ ಮಾತಾಡಿಕೊಳ್ಳುತ್ತವೆ.
ಚಿಲೊಎ ದ್ವೀಪ. ನವೆಂಬರ್. ಅಲ್ಲಿಗದು ವಸಂತ.
ಆ ವರ್ಷ ನಾನು ಅವಳ ಆಲೂಗಡ್ಡೆ ಸುಲಿಯುವವನು;
ಸುಲಿಯಲು ಹೋದರೆ ಬೈಗುಳ:
"ಉಜ್ಜು ಸಾಕು, ಸಿಪ್ಪೆಗೂ ಕಾಸು ಕೊಟ್ಟಿದ್ದೇನೆ."

ಕರಿಹಲಗೆಯ ಮೇಲೆ ಬೆಳಿಗ್ಗೆ
ಬರೆಯುವುದಕ್ಕಿಂತ ಒರೆಸುವುದೇ ಹೆಚ್ಚು.
ಉಳಿಯುವುದು ಕಣ್ಣುಬಿಟ್ಟ ಹಳೇ ಆಲೂಗಡ್ಡೆ,
ಹುಳಿಹುಳಿ ನಾಲ್ಕಾ ದಂಟು, ಹೊಗೆ ಕುಡಿದ ಚಿಪ್ಪುಮಾಂಸ.
ಸಾಂತಿಯಾಗೊದಿಂದ ಬಂದವರು ಹಲಗೆ ಓದಿ ಕೇಳುತ್ತಾರೆ,
ಎರಿಸೊ ಇಲ್ಲವೇ?
ಮುಳ್ಳಿನ ಚೆಂಡೊಳಗೆ ಐದು ಕಿತ್ತಳೆ ನಾಲಿಗೆ,
ಅದಕ್ಕೆಂದೇ ಹಡಗು ಹತ್ತಿ ಬಂದವರು.

'ಬೇದ' ಎನ್ನುತ್ತಾಳೆ.
ಬಸಿರ ಕಾಲಕ್ಕೆ ಕಡಲಿಗೆ ಹಾಕುವ ಅಗುಳಿಗೆ ಅಲ್ಲಿ ಆ ಹೆಸರು.
ನನ್ನ ಕಿವಿಗೆ ಮಾತ್ರ ಪ್ರತಿಸಲವೂ ಅದು ನಮ್ಮ ಬೇಡ:
ಒಲೆಯತ್ತ ಅಂಬೆಗಾಲಿಟ್ಟ ಕೂಸಿಗೆ ಅನ್ನುವ ಬೇಡ,
ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು
ಬಡಿಸುವವರಿಗೆ ಅನ್ನುವ ಬೇಡ.

ಒಂದು ರಾತ್ರಿ ಹಿಂಬಾಗಿಲಿಗೆ ಎಲಿಸೆಯೊ ಬಂದ,
ಅವಳ ಸೋದರಮಾವನ ಮಗ, ಮುಳುಗುಗಾರ.
ಒದ್ದೆ ಗೋಣಿಯೊಳಗೆ ಮುಳ್ಳು ಇನ್ನೂ ಅಲುಗುತ್ತಿತ್ತು.
"ಬೇದ."
"ನನ್ನ ಮಕ್ಕಳ ಹೊಟ್ಟೆಗೂ ಹಾಕಿದ್ದಾರಾ, ಬೇದ?"
ಅವಳು ಉತ್ತರಿಸಲಿಲ್ಲ. ಸಾರು ಬಿಸಿಮಾಡಿ ಇಟ್ಟಳು.
ಮುಂದಿನ ಹಂಗಾಮಿನ ಮುಂಗಡವೆಂದು ಬರೆದುಕೊಂಡು
ನೋಟು ಎಣಿಸಿದಳು, ಎರಡು ಸಲ.
ಗೋಣಿ ಕಡಲಿಗೆ ಹೋಯಿತೋ ಪಕ್ಕದ ಹೋಟೆಲಿಗೋ
ನಾವಿಬ್ಬರೂ ಕೇಳಲಿಲ್ಲ.

ಮಹಡಿಯ ಮೇಲೆ ಅವಳ ತಾಯಿ.
ವಾರದಿಂದ ಗಂಜಿಯನ್ನೂ ಒಲ್ಲದವಳು
ಕೇಳಿದ್ದು ಒಂದೇ: ಈರುಳ್ಳಿ, ಕೊತ್ತಂಬರಿ, ನಿಂಬೆ,
ಒಂದು ಎರಿಸೊ. ಒಂದೇ ಒಂದು.
ಓರ್ಫೆಲಿನಾ ಇಳಿದು ಬಂದಳು.
ಹಿಂಬಾಗಿಲ ಕಡೆ ನೋಡಿದಳು. ನಾನೂ ನೋಡಿದೆ.
ಆಮೇಲೆ ಈರುಳ್ಳಿ ಹೆಚ್ಚಿದಳು,
ಕೊತ್ತಂಬರಿ ಹೆಚ್ಚಿದಳು, ನಿಂಬೆ ಹಿಂಡಿದಳು,
ಅಷ್ಟನ್ನೇ ಬಟ್ಟಲಲ್ಲಿ ಒಯ್ದಳು.
ತಾಯಿ ಬೆರಳದ್ದಿ ನೆಕ್ಕಿ, ತಡೆದು, ಅಂದಳಂತೆ:
"ಉಪ್ಪು ಕಮ್ಮಿ."

ಜನವರಿಯಲ್ಲಿ ಮುದುಕಿ ಹೋದಳು.
ಅಗುಳಿ ತೆಗೆದದ್ದು ಬೇಸಿಗೆ ಕಳೆದ ಮೇಲೆ.
ಎಲಿಸೆಯೊ ಮೊದಲ ಗೋಣಿ ತಂದು, ಮುಂಗಡ ತೀರಿತೆಂದು
ಟೊಪ್ಪಿಗೆ ಮುಟ್ಟಿ ಹೋದ.
ಅವಳು ಒಂದೊಂದನ್ನೇ ಒಡೆದು
ಐದೈದು ನಾಲಿಗೆ ತಟ್ಟೆಗಿಟ್ಟು
ಮುಖ ಎತ್ತದೆ ಉಪ್ಪು ಉದುರಿಸುತ್ತ ಹೋದಳು.
ಆ ಮಧ್ಯಾಹ್ನ ಮೂರು ತಟ್ಟೆ ವಾಪಸು ಬಂದವು.
ತೊಳೆದವನು ನಾನೇ.